ಹಿಂದೆ ಒಮ್ಮೆ ಬೇಡವೆಂದಿದ್ದರು

ಇಲ್ಲ ಎಂದದ್ದು ಗಂಡ. ಹೌದು ಎಂದದ್ದು ವಿಮಾ ಕಂಪನಿಯ ಕಂಪ್ಯೂಟರ್.

ಏಜೆಂಟ್ ಸಿದ್ರಾಮ ಕಾಫಿ ಲೋಟ ಕೆಳಗಿಟ್ಟು ಯಮುನಾಳ ಮುಖ ನೋಡಿದ. ಹಿಂದೆ ಯಾವುದಾದರೂ ಕಂಪನಿ ನಿಮಗೆ ವಿಮೆ ನಿರಾಕರಿಸಿದೆಯೇ ಎಂದು ಅವನು ಕಳೆದ ವಾರ ಕೇಳಿದಾಗ, ಪ್ರಶ್ನೆ ಮುಗಿಯುವ ಮೊದಲೇ ಅವಳ ಗಂಡ ಲಕ್ಷ್ಮಣಪ್ಪ ಇಲ್ಲ ಎಂದಿದ್ದ. ಈಗ ನೋಡಿದರೆ ಇದೇ ಕಂಪನಿ ಎರಡು ವರ್ಷದ ಹಿಂದೆ ಅವನ ಅರ್ಜಿಯನ್ನು ತಿರಸ್ಕರಿಸಿತ್ತು. ಏಕೆಂದು ಸಿದ್ರಾಮನಿಗೆ ಗೊತ್ತಿರಲಿಲ್ಲ. ಗಂಡ ಅರ್ಜಿ ಹಾಕಿದ್ದೇ ಯಮುನಾಳಿಗೆ ಗೊತ್ತಿರಲಿಲ್ಲ.

ಬೇರೆ ಕಂಪನಿಗೆ ಹಾಕೋಣ, ಅಲ್ಲೂ ಇಲ್ಲ ಅಂತಲೇ ಬರೆಯೋಣ ಎಂದು ಸಿದ್ರಾಮ ದಾರಿ ತೋರಿಸಿದ. ಯಮುನಾ ಒಪ್ಪಲಿಲ್ಲ. ಪೀಣ್ಯದ ಕಾರ್ಖಾನೆಯಲ್ಲಿ ಅವಳ ಜೊತೆ ಕೆಲಸ ಮಾಡುವ ಮುರಳಿ ಹೀಗೇ ಒಂದು ನಿರಾಕರಣೆಯನ್ನು ಮುಚ್ಚಿಟ್ಟಿದ್ದ. ಆಸ್ಪತ್ರೆ ಸೇರಿದ ಮೇಲೆ ಕಂಪನಿ ಅದನ್ನೇ ಹಿಡಿದು ಕೈ ಎತ್ತಿತ್ತು. ಅವನ ಹೆಂಡತಿ ಮಾಂಗಲ್ಯದ ಸರ ಅಡವಿಟ್ಟದ್ದನ್ನು ಯಮುನಾ ಕಣ್ಣಾರೆ ಕಂಡಿದ್ದಳು.

"ನಿಜ ಏನಿದೆಯೋ ಅದನ್ನೇ ಬರೀರಿ. ಅವ್ರು ಬರ್ಲಿ, ಕೇಳಿ ಹೇಳ್ತೀನಿ" ಎಂದಳು.

ಲಕ್ಷ್ಮಣಪ್ಪ ಯಂತ್ರಗಳ ರಿಪೇರಿ ಮಾಡುವವನು. ವೈಟ್‌ಫೀಲ್ಡ್ ಕಡೆಯ ಕಾರ್ಖಾನೆಗಳಿಗೆ ಸರ್ವಿಸಿಗೆಂದು ಹೋದರೆ ಒಂದೆರಡು ದಿನ ಅಲ್ಲೇ ಉಳಿಯುತ್ತಿದ್ದ. ಆ ಸಂಜೆ ಮಾದನಾಯಕನಹಳ್ಳಿಯ ಮನೆಗೆ ಬಂದವನು ಹೆಂಡತಿಯ ಪ್ರಶ್ನೆ ಕೇಳಿ ಕಾಲು ತೊಳೆಯುವುದನ್ನೂ ಮರೆತು ಕುಳಿತ.

"ನಂಗಿರೋದು ಒಂದೇ ಕಿಡ್ನಿ ಕಣೇ. ಇನ್ನೊಂದನ್ನ ಕೊಟ್ಬಿಟ್ಟೆ. ಅದಕ್ಕೇ ಬೇಡ ಅಂದ್ರು."

ಮೂರು ವರ್ಷದ ಹಿಂದೆ ಅವನಿಗೆ ಆಪರೇಷನ್ ಆಗಿದ್ದು ಅವಳಿಗೆ ನೆನಪಿತ್ತು. ಕಲ್ಲು ತೆಗೆದರು ಎಂದು ಫೋನಿನಲ್ಲಿ ಹೇಳಿದ್ದ. ಹೊರಟು ನಿಂತವಳನ್ನು, ಮಗಳು ದಿವ್ಯಾಳ ಹತ್ತನೇ ಕ್ಲಾಸಿನ ಪರೀಕ್ಷೆ ಇದೆ, ಬರಬೇಡ ಎಂದು ತಡೆದಿದ್ದ.

"ಕೊಟ್ರಾ? ಯಾರಿಗೆ?"

"ಒಬ್ಬ ಹುಡುಗ ಸಾಯ್ತಾ ಇದ್ದ. ನೋಡ್ಕೊಂಡು ಸುಮ್ನಿರಕ್ಕಾಗ್ಲಿಲ್ಲ."

"ಯಾರ ಹುಡುಗ?"

"ಗೊತ್ತಿರೋರ ಹುಡುಗ. ನಿಂಗೆ ಹೇಳಿದ್ರೆ ಬೇಡ ಅಂತಿದ್ದೆ."

ಹೌದು, ಬೇಡ ಎನ್ನುತ್ತಿದ್ದಳು. ಅದನ್ನು ನೆನೆದು ಅವಳಿಗೇ ನಾಚಿಕೆಯಾಯಿತು. ತನ್ನಿಂದ ಮುಚ್ಚಿಟ್ಟನಲ್ಲ ಎಂಬ ಸಿಟ್ಟು ಎರಡು ದಿನ ಇತ್ತು. ಆಮೇಲೆ ಅದು ಕರಗಿ ಹೆಮ್ಮೆಯಾಯಿತು. ಊಟದ ಹೊತ್ತಿನಲ್ಲಿ ಕಾರ್ಖಾನೆಯ ಗೆಳತಿಯರಿಗೆ ಹೇಳಿದಳು. ಮನೆ ಮಾಲೀಕರ ಹೆಂಡತಿ ಚಿಕ್ಕಮುನಿಯಮ್ಮನಿಗೆ ಹೇಳಿದಳು. ಆ ಹಿರಿಯಾಕೆ ಎರಡೂ ಕೈ ಎತ್ತಿ, ಇಂಥ ಗಂಡ ಯಾರಿಗೆ ಸಿಕ್ತಾನೆ ತಾಯಿ ಎಂದಳು. ದಿವ್ಯಾ ಅಪ್ಪನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು.

ಹೊಸ ಕಂಪನಿಗೆ ಎಲ್ಲವನ್ನೂ ಇದ್ದಂತೆ ತಿಳಿಸಿದರು. ಅವರು ನಿರಾಕರಿಸಲಿಲ್ಲ. ಕಿಡ್ನಿ ದಾನಿಗಳಿಗೂ ವಿಮೆ ಕೊಡುತ್ತೇವೆ, ಆಪರೇಷನ್ ನಡೆದ ಆಸ್ಪತ್ರೆಯಿಂದ ಡಿಸ್ಚಾರ್ಜ್ ಸಮ್ಮರಿ ತನ್ನಿ ಎಂದರು, ಅಷ್ಟೆ. ನಿಜ ಹೇಳಿದ್ದಕ್ಕೆ ಏನೂ ಕೆಡಲಿಲ್ಲ ನೋಡಿ ಎಂದು ಯಮುನಾ ಗಂಡನಿಗೆ ಹೇಳಿದಳು. ಅವನು ಮುಖ ತಿರುಗಿಸಿದ. ಆ ಪೇಪರ್ ಎಲ್ಲೋ ಕಳೆದುಹೋಗಿದೆ, ನನಗೆ ವಿಮೆಯೇ ಬೇಡ, ನೀವಿಬ್ಬರು ಮಾಡಿಸಿಕೊಳ್ಳಿ ಎಂದ. ಮಾಡಿದ ಪುಣ್ಯವನ್ನು ಹೇಳಿಕೊಳ್ಳಲು ಸಂಕೋಚಪಡುತ್ತಿದ್ದಾನೆ ಎಂದುಕೊಂಡಳು.

ಆಸ್ಪತ್ರೆಯ ಹೆಸರನ್ನು ಮಾತ್ರ ಅವನ ಬಾಯಿಂದ ಹೇಗೋ ಹೊರಡಿಸಿದಳು. ಅವನು ಸರ್ವಿಸಿಗೆಂದು ಹೊಸೂರಿಗೆ ಹೋದ ದಿನ ರಜೆ ಹಾಕಿ, ಮಾದಾವರದಲ್ಲಿ ಮೆಟ್ರೊ ಹತ್ತಿದಳು. ಮೆಜೆಸ್ಟಿಕ್ಕಿನಲ್ಲಿ ಬದಲಿಸಿ, ಊರಿನ ಆ ತುದಿಯಿಂದ ಈ ತುದಿಗೆ, ವೈಟ್‌ಫೀಲ್ಡಿಗೆ ಬಂದಳು. ದಾರಿಯುದ್ದಕ್ಕೂ ಆ ಹುಡುಗನದೇ ಯೋಚನೆ. ಒಮ್ಮೆ ನೋಡಬೇಕು, ಒಂದು ದಿನ ಮನೆಗೆ ಕರೆದು ಊಟ ಹಾಕಬೇಕು.

ಕಿಡ್ನಿ ಕಸಿ ವಿಭಾಗದ ಮೇಜಿನ ಹಿಂದೆ ಅನುಸೂಯಮ್ಮ ಎಂಬ ವಯಸ್ಸಾದ ಸಿಬ್ಬಂದಿ ಕೂತಿದ್ದರು. ಲಕ್ಷ್ಮಣಪ್ಪನವರ ಮನೆಯಿಂದ ಬಂದಿದ್ದೇನೆ ಎಂದು ಯಮುನಾ ಗಂಡನ ಆಧಾರ್ ಪ್ರತಿ ಮುಂದಿಟ್ಟಾಗ ಅವರ ಮುಖ ಅರಳಿತು.

"ಅಯ್ಯೋ, ಲಕ್ಷ್ಮಣಪ್ಪ ಅಲ್ವಾ? ಮರೆಯಕ್ಕಾಗತ್ತಾ? ಆಪರೇಷನ್ ಆಗಿ ಎದ್ದ ತಕ್ಷಣ ಹುಡುಗ ಹೆಂಗಿದಾನೆ ಅಂತ ಕೇಳಿದ್ರು."

ಯಮುನಾ ಎದುರಿನ ಕುರ್ಚಿ ಎಳೆದುಕೊಂಡು ಕೂತಳು. "ಈಗ ಹೆಂಗಿದಾನೆ ಮೇಡಂ, ಆ ಹುಡುಗ?"

"ಚೆನ್ನಾಗಿದಾನಮ್ಮ. ಹೋದ ತಿಂಗಳು ಚೆಕಪ್‌ಗೆ ಬಂದಿದ್ದ. ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದಾನೆ. ಅಪ್ಪನದೇ ಮುಖ."

"ಅವ್ರಪ್ಪನ್ನ ನಾನು ನೋಡಿಲ್ಲ ಮೇಡಂ."

ಅನುಸೂಯಮ್ಮ ಮುಂದಿದ್ದ ಆಧಾರ್ ಪ್ರತಿಯ ಫೋಟೊ ನೋಡಿದರು. ಆಮೇಲೆ ಯಮುನಾಳನ್ನು, ಅವಳ ಕೊರಳಿನ ಮಾಂಗಲ್ಯದ ಸರವನ್ನು ನೋಡಿದರು. ಪ್ರತಿಯನ್ನು ಮೆಲ್ಲಗೆ ಅವಳ ಕಡೆಗೇ ಸರಿಸಿದರು. ಅವರ ದನಿ ತಗ್ಗಿತು.

"ಹೆಂಡತಿ ಒಪ್ಪಿಗೆ ಇಲ್ದೆ ಇಲ್ಲಿ ಯಾರ ಕಿಡ್ನೀನೂ ತೆಗೆಯಲ್ಲಮ್ಮ. ಅವತ್ತು ಆ ಹುಡುಗನ ತಾಯಿ ಇದೇ ಕುರ್ಚೀಲಿ ಕೂತು ಸಹಿ ಹಾಕಿದ್ರು. ನೀವು ಲಕ್ಷ್ಮಣಪ್ಪನವರಿಗೆ ಏನಾಗಬೇಕು?"