ಹೊಸ ಕಚೇರಿಯ ನೆರಳುಗಳು

ಹುಬ್ಬಳ್ಳಿಯ ಆ ದೊಡ್ಡ ವಾಸ್ತುಶಿಲ್ಪ ಸಂಸ್ಥೆಯಲ್ಲಿ ಕಟ್ಟಡದ ರಟ್ಟಿನ ಮಾದರಿಯನ್ನು ಬಿಸಿಲಿಗಿಟ್ಟರೆ ಸಾಕು, ಮುಂದೊಂದು ದಿನ ಅಲ್ಲಿ ಇರಲಿರುವವರ ನೆರಳುಗಳು ಒಳಗೆ ಓಡಾಡುತ್ತಿದ್ದವು. ಮೆಟ್ಟಿಲಿನ ಅಗಲ, ದೀಪಗಳ ಜಾಗ ಎಲ್ಲವೂ ಅವನ್ನು ನೋಡಿಯೇ ತೀರ್ಮಾನವಾಗುತ್ತಿತ್ತು. ಇಂದು ಅಲ್ಲಿನ ವಾಸ್ತುಶಿಲ್ಪಿ ವಾರಿಜಾ ಇಟ್ಟದ್ದು ಸಂಸ್ಥೆಯದೇ ಹೊಸ ಕಚೇರಿಯ ಮಾದರಿ.

ನೆರಳುಗಳೆಲ್ಲ ಹಾಲ್‌ನಲ್ಲಿ ತಲೆ ತಗ್ಗಿಸಿ ನಿಂತಿದ್ದವು.

“ನಮ್ಮ ಮಂದಿ ಎಷ್ಟ ಬೆಳದೈತಿ ನೋಡ್ರಿ! ಹಾಲ್ ಸಾಲೂದಿಲ್ಲ, ದೊಡ್ಡದ ಮಾಡ್ರಿ,” ಎಂದು ಯಜಮಾನರಾದ ಹೆಬಸೂರ ಸರ್ ಹಿಗ್ಗಿದರು.

“ಮಾಡ್ತೀನ್ರಿ ಸರ್.”

ವಾರಿಜಾ ಬಗ್ಗಿ ನೋಡಿದಳು. ಸರ್ ಅವರ ಬಾಗಿದ ಭುಜ, ಸ್ಟ್ರಕ್ಚರ್ ವಿಭಾಗದ ಇರ್ಫಾನನ ಉದ್ದ ಕತ್ತು, ಎಲ್ಲರ ಗುರುತೂ ಸಿಕ್ಕಿತು. ಸಿಗದಿದ್ದುದು ತನ್ನದೊಂದೇ. ನೆರಳುಗಳೆಲ್ಲ ಮುಖ ಮಾಡಿದ್ದ ಗೋಡೆಯ ಮೇಲೆ ಹಾರ ಹಾಕಿದ ಪಟದ ನೆರಳಿತ್ತು.

ಅವಳು ಹಾಲ್ ಅನ್ನು ದೊಡ್ಡದು ಮಾಡಿದಳು. ಪಟದ ಮೇಲೆ ಬಿಸಿಲು ಬೀಳುವಂತೆ ಆ ಗೋಡೆಗೆ ಎದುರಾಗಿ, ಯಾರೂ ಹೇಳದಿದ್ದರೂ, ಒಂದು ಕಿಟಕಿ ಕೊರೆದಳು.