ಮೋರಟಗಿಯ ಬಾಗಿಲು

ಕೆತ್ತನೆಯ ಬಾಗಿಲಿದ್ದ ಜಾಗದಲ್ಲಿ ಕಬ್ಬಿಣದ ಶಟರ್ ಕಂಡು ಕೋಮಲ ಕ್ಯಾಮೆರಾ ಕೆಳಗಿಳಿಸಿದಳು. ಊರೂರು ಅಲೆದು ಹಳೇ ಮನೆಗಳ ಫೋಟೋ ತೆಗೆಯುವವಳಿಗೆ ಬೆಳಗಿನಿಂದ ಇದೇ ಗೋಳು. ಮನಗೂಳಿಯಲ್ಲಿ ತೇಗದ ಕಂಬಕ್ಕೆ ಪೇಂಟು ಬಳಿದಿದ್ದರು, ಹೂವಿನ ಹಿಪ್ಪರಗಿಯಲ್ಲಿ ಕಲ್ಲುಗೋಡೆಗೆ ಟೈಲ್ಸ್ ಹಚ್ಚಿದ್ದರು. ಮೋರಟಗಿಯ ಸೀತವ್ವನ ಬಾಗಿಲಾದರೂ ಉಳಿದಿರುತ್ತದೆ ಎಂದು ನಂಬಿದ್ದಳು. ಹೋದ ವರ್ಷ ಅವಳು ಊರ ಹೆಸರಿನೊಂದಿಗೆ ಇಂಟರ್ನೆಟ್ಟಿನಲ್ಲಿ ಹಾಕಿದ್ದ ಅದರ ಫೋಟೋವನ್ನು ಎಷ್ಟೋ ಜನ ಮೆಚ್ಚಿದ್ದರು.

“ಬಾಗಿಲಾ ಏನಾತು, ಆಯಿ?”

“ಮಾರಿದ್ವಿ ತಂಗಿ. ನೀ ತಗದ ಫೋಟೋನ ಮೊಬೈಲ್‌ನ್ಯಾಗ ತೋರಿಸ್ಕೊಂತ ಯಾರೋ ವ್ಯಾಪಾರಸ್ತರು ಹುಡುಕ್ಕೊಂಡು ಬಂದಿದ್ರು. ಯಾವದೋ ದೊಡ್ಡ ಹೋಟೆಲಿಗೆ ಬೇಕಾಗಿತ್ತಂತ. ಮಳಿಗಾಲದಾಗ ಉಬ್ಬಿ ಮುಚ್ಚತಿರಲಿಲ್ಲ ಅದು. ನಿನ್ನಿಂದ ಭಾಳ ಚಲೋ ಆತು,” ಎಂದ ಸೀತವ್ವ ಒಳಗಿನಿಂದ ಚಹಾ ತಂದುಕೊಟ್ಟಳು.

ಕೋಮಲಳಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಚಹಾ ಮುಗಿಯುವುದರೊಳಗೆ ಪಕ್ಕದ ಮನೆಯ ಮುಬೀನಾ ಬಂದು ಅವಳ ಕೈಹಿಡಿದು ತನ್ನ ಬಾಗಿಲ ಮುಂದೆ ನಿಲ್ಲಿಸಿದಳು. ಅದೂ ಕೆತ್ತನೆಯದೇ. ಧೂಳು ಒರೆಸಿ ಎಣ್ಣೆ ಹಚ್ಚಿದ್ದರು.

“ನಮ್ಮದೂ ಒಂದ ತಗೀರಿ ಅಕ್ಕಾರ. ಊರ ಹೆಸರು ಕಾಣೂವಂಗ ಹಾಕ್ರಿ.”

ಕೋಮಲ ಲೆನ್ಸಿನ ಮುಚ್ಚಳ ಹಾಕಿದಳು. “ಬೆಳಕು ಸಾಲಂಗಿಲ್ರಿ,” ಎಂದಳು. ಬಾಗಿಲ ಮೇಲೆ ಇಳಿಬಿಸಿಲು ಹೊನ್ನಿನಂತೆ ಬಿದ್ದಿತ್ತು.