ಇಲ್ಲದ ಕೆಂಪು

"ಬೇರೆಲ್ಲಾ ಬಿಡಿ ಸಾರ್, ಈ ಕೆಂಪು ನೋಡಿ, ಕೆಂಪು!" ಎಂದರು ಹಲ್ಲಿನ ಡಾಕ್ಟರು, ಚಿತ್ರಕ್ಕೆ ಬೆನ್ನು ಹಾಕಿ ನಿಂತು. "ಇದು ಬರೀ ಬಣ್ಣ ಅಲ್ಲ. ನಾಗರಿಕತೆಯ ಎದೆಯಲ್ಲಿ ಆರದ ಗಾಯ. ಕಲಾವಿದ ಇಲ್ಲಿ ಮೌನದ ವಿರುದ್ಧ ಬಂಡೆದ್ದಿದ್ದಾನೆ."

ಸೋಫಾದ ಮೇಲಿನ ಗೋಡೆಯಲ್ಲಿ ಆರು ಅಡಿ ಉದ್ದದ ಕ್ಯಾನ್ವಾಸು. ಅದರಲ್ಲಿದ್ದದ್ದು ನೀಲಿ, ಬೂದಿ, ಕೆಳಗಿನ ಮೂಲೆಯಲ್ಲಿ ಒಂದು ಚೂರು ಹಳದಿ. ಕೆಂಪು ಔಷಧಿಗೆ ಬೇಕೆಂದರೂ ಇರಲಿಲ್ಲ. ಆದರೆ ಮನೆಗೆ ಬಂದಿದ್ದ ಕ್ಲಬ್ಬಿನ ಅಧ್ಯಕ್ಷರು ಕತ್ತು ಓರೆ ಮಾಡಿ, ಕಣ್ಣು ಕಿರಿದು ಮಾಡಿ, "ಹೌದು ಡಾಕ್ಟ್ರೇ! ಒಳಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ರಾಚಿದ್ದೇ ಆ ಕೆಂಪು. ಎದೆ ಝಲ್ ಅಂತು ನೋಡಿ" ಎಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ.

ಕಾಫಿ ತಂದ ಡಾಕ್ಟರ ಹೆಂಡತಿ ತಟ್ಟೆ ಹಿಡಿದೇ ನಿಂತಳು. "ಕೆಂಪಾ? ಎಲ್ಲಿದೆ ರೀ ಕೆಂಪು?"

"ನೋಡಿದ್ರಾ ಸಾರ್?" ಡಾಕ್ಟರು ನಕ್ಕರು. "ಇವಳ ಮುಂದೆ ಕಲೆ ಇಟ್ಟರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ."

"ಪಾಪ, ಬೈಬೇಡಿ. ಕಣ್ಣು ಪಳಗಬೇಕಮ್ಮಾ," ಎಂದು ಅಧ್ಯಕ್ಷರು ಸಕ್ಕರೆ ಕಲಕಿಕೊಂಡರು. "ಭಾನುವಾರ ನಮ್ಮ ಕಮಿಟಿಯವರನ್ನೂ ಕರ್ಕೊಂಡು ಬರ್ತೀನಿ ಡಾಕ್ಟ್ರೇ. ಅವರೂ ನೋಡ್ಲಿ ಈ ಕೆಂಪನ್ನ. ನಿಮ್ಮ ಮೆಂಬರ್‌ಶಿಪ್ಪಿನ ವಿಷಯ ಅವತ್ತೇ ತೀರ್ಮಾನ ಮಾಡಿಬಿಡೋಣ."

ಡಾಕ್ಟರದು ಬರೀ ಬಾಯಿಪಾಠ. ಗ್ಯಾಲರಿಯವರು ಚಿತ್ರದ ಜೊತೆ ಕೊಟ್ಟ ವಿವರಣೆಯ ಹಾಳೆಯನ್ನು ಎಂಟು ದಿನ ಉರು ಹೊಡೆದಿದ್ದರು. ಕ್ಲಿನಿಕ್ಕಿನ ಕುರ್ಚಿಯಲ್ಲಿ ಮಲಗಿದ ರೋಗಿಗಳ ಮೇಲೆ ಪ್ರಯೋಗಿಸಿಯೂ ನೋಡಿದ್ದರು. ಬಾಯಲ್ಲಿ ಹತ್ತಿ ತುರುಕಿಸಿಕೊಂಡವರು ಎದುರು ಮಾತಾಡುತ್ತಾರೆಯೇ? ಇಪ್ಪತ್ತು ವರ್ಷದಿಂದ ಅಂಥವರ ಒಪ್ಪಿಗೆಯನ್ನೇ ಪಡೆದು ಬೆಳೆದ ಮನುಷ್ಯ. ಹಾಳೆ ಓದಿದ ಮೇಲೆ ಚಿತ್ರವನ್ನೂ ಒಂದು ಸಲ ನೋಡಬೇಕು ಎಂಬುದು ಅವರಿಗೆ ಹೊಳೆದೇ ಇರಲಿಲ್ಲ.

ಅಧ್ಯಕ್ಷರ ಕಾರು ಹೊರಟಿದ್ದೇ ತಡ, ಹೆಂಡತಿ ಗಂಡನ ಭುಜ ಹಿಡಿದು ಚಿತ್ರದ ಕಡೆಗೆ ತಿರುಗಿಸಿದಳು. "ಈಗ ತೋರ್ಸಿ."

ಡಾಕ್ಟರು ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಜೇಬಿನಿಂದ ಹಾಳೆ ತೆಗೆದು ತಲೆಬರಹ ಓದಿದರು: 'ಕೆಂಡದ ನಡುಹಗಲು'. ಚೌಕಟ್ಟಿನ ಅಂಚಿಗೆ ಅಂಟಿಸಿದ್ದ ಚೀಟಿಯಲ್ಲಿ 'ಮುಂಜಾವು' ಎಂದಿತ್ತು. ಗ್ಯಾಲರಿಯವರು ಬೇರೆ ಯಾವುದೋ ಚಿತ್ರದ ಹಾಳೆ ಕೊಟ್ಟು ಕಳಿಸಿದ್ದರು.

"ಅಯ್ಯೋ, ಮಾನ ಹೋಯ್ತಲ್ಲೇ!"

"ಅದಕ್ಕೇನಂತೆ? ಫೋನ್ ಮಾಡಿ, ಹಾಳೆ ಅದಲುಬದಲಾಗಿತ್ತು ಸಾರ್ ಅಂತ ಹೇಳಿ."

"ನಿಂಗೆ ತಲೆ ಇದ್ಯಾ? ನಾನು ಹೇಳಿದ್ದು ತಪ್ಪು ಅಂದ್ರೆ ಅವರು ನೋಡಿದ್ದೂ ತಪ್ಪು ಅಂತ ಆಗಲ್ವಾ? ಅಧ್ಯಕ್ಷರು ಕೆಂಪು ನೋಡಿ ಆಗಿದೆ ಕಣೇ. ಇನ್ನು ಅದು ಅಲ್ಲಿ ಇರಲೇಬೇಕು."

ಗಂಡ ಏನು ಮಾಡಲು ಹೊರಟಿದ್ದಾರೆಂದು ತಿಳಿದಾಗ ಆಕೆ ಚಿತ್ರಕ್ಕೆ ಅಡ್ಡವಾಗಿ ನಿಂತಳು. ಚಿತ್ರ ಮನೆಗೆ ಬಂದ ದಿನ "ನೆಲ ಒರೆಸೋ ಬಟ್ಟೆಗೂ ಚೌಕಟ್ಟು ಹಾಕ್ಸಿದ್ದೀರಲ್ಲ" ಎಂದು ನಕ್ಕವಳೇ ಆಕೆ. ಆಮೇಲೆ ದಿನಾ ಮಧ್ಯಾಹ್ನ ಬಟ್ಟೆ ಮಡಚುತ್ತಾ ಎದುರು ಕೂತು ಕೂತು, ಬೂದಿ ಎಲ್ಲಿ ತೆಳುವಾಗಿ ನೀಲಿ ಇಣುಕುತ್ತದೆ, ಮೋಡದ ದಿನ ಆ ಹಳದಿ ಚೂರು ಹೇಗೆ ಹತ್ತಿರ ಬರುತ್ತದೆ ಎಂಬುದೆಲ್ಲ ಗೊತ್ತಾಗಿತ್ತು. ಅದರ ಅರ್ಥ ಏನೆಂದು ಕೇಳಿದ್ದರೆ ಆಕೆಗೆ ಹೇಳಲು ಬರುತ್ತಿರಲಿಲ್ಲ. ಆದರೆ ಅದರೆದುರು ಕೂತಷ್ಟು ಹೊತ್ತು ಮಾತ್ರ ಈ ಮನೆಯಲ್ಲಿ ಆಕೆಯ ಎದೆ ಹಗುರವಾಗುತ್ತಿತ್ತು.

"ರೀ, ನಿಮ್ಮ ದಮ್ಮಯ್ಯ, ಅದನ್ನ ಮುಟ್ಟಬೇಡಿ. ಇಷ್ಟು ವರ್ಷದಲ್ಲಿ ನಿಮ್ಮನ್ನ ನಾನು ಏನಾದ್ರೂ ಕೇಳಿದ್ದೀನಾ? ನಂಗೆ ಅದು ಹೀಗೇ ಬೇಕು."

"ನಿಂಗೆ ಬೇಕಾ!" ಡಾಕ್ಟರಿಗೆ ನಿಜಕ್ಕೂ ಆಶ್ಚರ್ಯವಾಯಿತು. "ನಿಂಗೆ ಇದರಲ್ಲಿ ಏನು ತಿಳಿಯತ್ತೆ?"

ಶನಿವಾರ ಕ್ಲಿನಿಕ್ಕು ಮುಚ್ಚಿ, ಗೇಟಿಗೆ ಬಳಿದು ಉಳಿದಿದ್ದ ಕೆಂಪು ಎನಾಮಲ್ ಡಬ್ಬಿ ತೆಗೆದರು. ಮಾಸ್ಕು, ಕೈಗವಸು ಹಾಕಿ, ಹಣೆಗೆ ದೀಪ ಕಟ್ಟಿಕೊಂಡು, ಹುಳುಕು ಹಲ್ಲಿಗೆ ಸಿಮೆಂಟು ತುಂಬುವ ಶ್ರದ್ಧೆಯಿಂದ ನೀಲಿಯ ನಟ್ಟನಡುವೆ ಅಂಗೈಯಗಲ ಕೆಂಪು ತುಂಬಿದರು. ಹಿಂದೆ ಸರಿದು ನೋಡಿ, ಸಾಲದೆಂದು ಆ ಹಳದಿಯ ಮೇಲೂ ಒಂದು ಕೈ ಎಳೆದರು. ಹೆಂಡತಿ ಒಳಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು. ಡಾಕ್ಟರಿಗೆ ಅದು ಕೇಳಿಸದೆ ಇರಲಿಲ್ಲ. ಕೆಲಸದ ನಡುವೆ ಅಳು ಕೇಳಿ ಅವರಿಗೆ ಅಭ್ಯಾಸವಿತ್ತು.

ಭಾನುವಾರ ಕಮಿಟಿ ಬಂತು. ಡಾಕ್ಟರು ಈ ಸಲ ಧೈರ್ಯವಾಗಿ ಚಿತ್ರದ ಪಕ್ಕಕ್ಕೆ ನಿಂತು, ಬೆರಳು ತೋರಿಸಿಯೇ ಶುರು ಮಾಡಿದರು. ಕಮಿಟಿಯವರು ಚಿತ್ರ ನೋಡುವ ಮೊದಲು ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ಹಿಂದೆ ಹೋದರು, ಮುಂದೆ ಬಂದರು, ಮೂಗು ಮುರಿದರು.

"ತಪ್ಪು ತಿಳ್ಕೋಬೇಡಿ ಡಾಕ್ಟ್ರೇ. ಏನೋ ಎಡವಟ್ಟಾಗಿದೆ. ಇದು ಮೆತ್ತಿದ ಹಾಗಿದೆ. ನಾನು ಹೋದ ಸಲ ನೋಡಿದ ಕೆಂಪು ಇದಲ್ಲ. ಆ ಕೆಂಪೇ ಬೇರೆ!"

ಕಮಿಟಿಯವರೆಲ್ಲ ಛೆ, ಛೆ ಎಂದರು. ಡಾಕ್ಟರು ಬೆರಳು ಚಾಚಿಕೊಂಡೇ ನಿಂತರು.

ಬಿಸ್ಕತ್ತಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮೊದಲ ಸಲ ತಲೆಯೆತ್ತಿ ಅಧ್ಯಕ್ಷರನ್ನು ನೋಡಿದಳು.

"ಹೌದು ಸಾರ್," ಎಂದಳು. "ಮೊನ್ನೆ ಇದ್ದದ್ದೇ ಚೆನ್ನಾಗಿತ್ತು."